ಲ್ಯಾಪ್‌ಟಾಪ್‌ನಲ್ಲಿ ಓವರ್‌ಕ್ಲಾಕಿಂಗ್: ಬಿಸಿಯ ಲೆಕ್ಕ

ಗ್ರಾಫಿಕ್ಸ್ ಚಿಪ್‌ನ ಕೆಲಸವೆಲ್ಲ ಒಂದು ತಾಳಕ್ಕೆ ಬದ್ಧ. ಸೆಕೆಂಡಿಗೆ ನೂರು ಕೋಟಿಗೂ ಹೆಚ್ಚು ಸಲ ಬೀಳುವ ಈ ತಾಳಕ್ಕೆ ಕ್ಲಾಕ್ ಎಂದು ಹೆಸರು. ತಯಾರಕರು ಗೊತ್ತುಮಾಡಿದ ವೇಗಕ್ಕಿಂತ ಅದನ್ನು ಚುರುಕುಗೊಳಿಸುವುದೇ ಓವರ್‌ಕ್ಲಾಕಿಂಗ್. ಆಟದ ದೃಶ್ಯಗಳು ತಡವರಿಸದೆ ಓಡಲಿ, ವಿಡಿಯೊ ಸಂಕಲನ ಬೇಗ ಮುಗಿಯಲಿ ಎಂಬ ಆಸೆಯಿಂದ ಹಲವರು ಇದಕ್ಕೆ ಕೈಹಾಕುತ್ತಾರೆ. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ, ಪರದೆಯ ಮೇಲೆ ಒಂದು ಗುಂಡಿಯನ್ನು ಬಲಕ್ಕೆ ಸರಿಸಿದರೆ ಆಯಿತು.

ಚಿಪ್ ಬಳಸುವ ವಿದ್ಯುತ್ತು ಕ್ಲಾಕ್ ಏರಿದಷ್ಟೇ ಏರುತ್ತದೆ. ವೋಲ್ಟೇಜ್ ಏರಿಸಿದರೆ ಮಾತ್ರ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಎರಡನ್ನೂ ಶೇಕಡ 10ರಷ್ಟು ಹೆಚ್ಚಿಸಿದರೆ ಖರ್ಚು ಸುಮಾರು ಶೇಕಡ 33ರಷ್ಟು ಹೆಚ್ಚಾಗುತ್ತದೆ. 80 ವ್ಯಾಟ್ ಬಳಸುತ್ತಿದ್ದ ಚಿಪ್ 106 ವ್ಯಾಟ್ ಬೇಡುತ್ತದೆ, ಅಷ್ಟೂ ಕೊನೆಗೆ ಶಾಖವಾಗಿ ಹೊರಬರುತ್ತದೆ.

ಮೇಜಿನ ಕಂಪ್ಯೂಟರಿನಲ್ಲಿ ಈ ಶಾಖಕ್ಕೆ ದೊಡ್ಡ ಫ್ಯಾನುಗಳಿವೆ, ಗಾಳಿಯಾಡಲು ಜಾಗವಿದೆ. ಎರಡು ಬೆರಳು ದಪ್ಪವೂ ಇಲ್ಲದ ಲ್ಯಾಪ್‌ಟಾಪಿನಲ್ಲಿ ಬಹಳ ಸಲ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡಕ್ಕೂ ಸೇರಿ ಒಂದೇ ತಾಮ್ರದ ಕೊಳವೆಗಳ ಜೋಡಣೆ. ಒಂದು ಕಾದರೆ ಇನ್ನೊಂದೂ ಕಾಯುತ್ತದೆ. ಹೊರಗಿನ ಗಾಳಿಯೇ ಬಿಸಿಯಾಗಿದ್ದರೆ ಫ್ಯಾನು ತಂಪನ್ನು ಎಲ್ಲಿಂದ ತರಬೇಕು? ಪಾದರಸ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಇದನ್ನು ಮರೆಯುವಂತಿಲ್ಲ.

ಮಿತಿ ಮೀರಿ ಕಾದ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ, ಆಗ ಏರಿಸಿದ್ದೆಲ್ಲ ವ್ಯರ್ಥ. ಪರದೆಯ ಮೇಲೆ ಬಣ್ಣದ ಚುಕ್ಕೆ, ಗೆರೆಗಳು ಮೂಡಬಹುದು, ಯಂತ್ರ ಇದ್ದಕ್ಕಿದ್ದಂತೆ ಸ್ತಬ್ಧವಾಗಬಹುದು. ಇವು ತಕ್ಷಣ ಕಾಣುವ ತೊಂದರೆಗಳು. ಕ್ಲಾಕನ್ನು ಹಿಂದಿನ ಮಟ್ಟಕ್ಕೆ ತಂದರೆ ಸಾಮಾನ್ಯವಾಗಿ ಸರಿಹೋಗುತ್ತವೆ.

ನಿಜವಾದ ಹಾನಿ ನಿಧಾನವಾದದ್ದು. ಚಿಪ್ಪನ್ನು ಬೋರ್ಡಿಗೆ ಹಿಡಿದಿಟ್ಟಿರುವುದು ಬೆಸುಗೆಯ ಸಣ್ಣ ಸಣ್ಣ ಉಂಡೆಗಳು. ಕಾದಾಗ ಚಿಪ್ ಮತ್ತು ಬೋರ್ಡು ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ದಿನವೂ ಕಾದು ಆರುವ ಈ ಎಳೆದಾಟದಲ್ಲಿ ಬೆಸುಗೆ ಬಿರುಕು ಬಿಡುತ್ತದೆ. ಓವರ್‌ಕ್ಲಾಕಿಂಗ್ ಇಲ್ಲದೆಯೂ ಇಂಥದ್ದು ನಡೆದಿದೆ. ಕೆಲವು ಲ್ಯಾಪ್‌ಟಾಪ್ ಚಿಪ್‌ಗಳ ಕಟ್ಟಣೆಯಲ್ಲಿ ಬಳಸಿದ ವಸ್ತು ದುರ್ಬಲವಾಗಿದ್ದ ಕಾರಣ, ಎನ್ವಿಡಿಯಾ ಸಂಸ್ಥೆ 2008ರ ಜುಲೈನಲ್ಲಿ ದುರಸ್ತಿ ಮತ್ತು ಬದಲಾವಣೆಯ ವೆಚ್ಚಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಮೇಜಿನ ಕಂಪ್ಯೂಟರಿನ ಕಾರ್ಡು ಕೆಟ್ಟರೆ ಕಿತ್ತು ಬೇರೆ ಹಾಕಬಹುದು. ಲ್ಯಾಪ್‌ಟಾಪಿನಲ್ಲಿ ಬಹುತೇಕ ಮದರ್‌ಬೋರ್ಡನ್ನೇ ಬದಲಿಸಬೇಕು, ಅದರ ಬೆಲೆ ಕೇಳಿ ಯಂತ್ರವನ್ನೇ ಕೈಬಿಡುವವರು ಕಡಿಮೆಯಲ್ಲ.

ಚಿಪ್‌ಗೆ ವಿದ್ಯುತ್ ಹದಮಾಡಿ ಕೊಡುವ ಭಾಗಗಳೂ ಅಡಾಪ್ಟರೂ ಅಳತೆಗೆ ತಕ್ಕಂತೆ ಮಾತ್ರ ಮಾಡಿದವು. ಹೆಚ್ಚು ಎಳೆದರೆ ಅವೂ ಕಾಯುತ್ತವೆ, ಪಕ್ಕದ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ತಯಾರಕರು ಹಾಕಿದ ವಿದ್ಯುತ್ ಮಿತಿಯನ್ನು ದಾಟಲು ಕೆಲವರು ಚಿಪ್‌ನ ಬಯಾಸ್ ತಂತ್ರಾಂಶವನ್ನೇ ಬದಲಿಸಿ ಬರೆಯುತ್ತಾರೆ. ಎಲ್ಲಕ್ಕಿಂತ ಅಪಾಯದ ಕೆಲಸ ಇದು. ಬರೆಯುವಾಗ ಕರೆಂಟು ಹೋದರೂ ಸಾಕು, ಪರದೆ ಕಪ್ಪಾಗಿ ಉಳಿಯಬಹುದು, ವಾರಂಟಿಯೂ ಕೈತಪ್ಪಬಹುದು.

ಓವರ್‌ಕ್ಲಾಕಿಂಗ್‌ಗೆ ವಿರುದ್ಧ ದಿಕ್ಕಿನ, ಬಿಸಿ ತಗ್ಗಿಸುವ ದಾರಿಯೊಂದಿದೆ. ಕ್ಲಾಕನ್ನು ಹಾಗೇ ಬಿಟ್ಟು ವೋಲ್ಟೇಜನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುವುದು ಅಂಡರ್‌ವೋಲ್ಟಿಂಗ್. ಅತಿಯಾಗಿ ಇಳಿಸಿದರೆ ಯಂತ್ರ ಸ್ತಬ್ಧವಾಗುತ್ತದೆ, ಹಿಂದಿನ ಮಟ್ಟಕ್ಕೆ ತಂದರೆ ಮತ್ತೆ ಓಡುತ್ತದೆ. ಫ್ಯಾನಿನ ಧೂಳು ತೆಗೆದು, ಲ್ಯಾಪ್‌ಟಾಪಿನ ಹಿಂಬದಿಯನ್ನು ಕೊಂಚ ಎತ್ತರಿಸಿಟ್ಟರೆ ಚಿಪ್ ತಂಪಾಗಿ, ತನ್ನ ಮೂಲ ವೇಗವನ್ನೇ ಹೆಚ್ಚು ಹೊತ್ತು ಉಳಿಸಿಕೊಳ್ಳುತ್ತದೆ.