ಬಿಟ್ಟಲ್ಲಿಂದಲೇ ಮುಂದಕ್ಕೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



ಈ ಪ್ರೌಢಶಾಲೆಯಲ್ಲಿ ಓದಿ ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿಯಾದೆ. ನಮ್ಮಣ್ಣ ಮಾತ್ರ ಈ ಗೇಟಿನೊಳಗೆ ಓದಲು ಬರಲಿಲ್ಲ. ಅವನು ದಡ್ಡನಲ್ಲ. ಎರಡನೇ ತರಗತಿಯಲ್ಲಿದ್ದಾಗ ಸುಗ್ಗಿ ಕೆಲಸಕ್ಕೆಂದು ಅಪ್ಪ ಒಂದೂವರೆ ತಿಂಗಳು ಬಿಡಿಸಿಕೊಂಡರು. ಅವನು ಮತ್ತೆ ಹೋಗುವಷ್ಟರಲ್ಲಿ ಪಾಠ ಒತ್ತಕ್ಷರಕ್ಕೆ ಹೋಗಿತ್ತು. ಓದಲು ಬರಲಿಲ್ಲ, ಏಟು ಬಿತ್ತು. ಮರುದಿನ ದನ ಮೇಯಿಸಲು ಹೋದವನು ಶಾಲೆಯ ಕಡೆ ತಿರುಗಿ ನೋಡಲಿಲ್ಲ.

ಇವತ್ತು ನಾನು ಹೇಳಬೇಕಾದದ್ದು ನಮ್ಮ ನಲಿ-ಕಲಿ ತರಗತಿಯ ವಿಷಯ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದು ಶುರುವಾಯಿತು. ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಮೇಷ್ಟ್ರುಗಳೇ ಕಾರ್ಡುಗಳನ್ನು ಸಿದ್ಧಮಾಡಿದರು, ಯುನಿಸೆಫ್ ನೆರವಾಯಿತು. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು.

ನಮ್ಮಲ್ಲಿ ಬೆಳಿಗ್ಗೆ ಮಕ್ಕಳು ಹವಾಮಾನ ನಕ್ಷೆಯಲ್ಲಿ ಬಿಸಿಲೋ ಮೋಡವೋ ಗುರುತು ಮಾಡುತ್ತಾರೆ. ಒಂದು ಹಾಡು, ಒಂದು ಕತೆ ಆಗುತ್ತದೆ. ಆಮೇಲೆ ಗೋಡೆಯ ಮೇಲಿನ ಕಲಿಕಾ ಏಣಿ ನೋಡಿ ಅವರವರ ಕಾರ್ಡನ್ನು ಅವರೇ ತೆಗೆದುಕೊಳ್ಳುತ್ತಾರೆ. ಕಾರ್ಡಿನ ಚಿಹ್ನೆ ನೋಡಿದರೆ ಯಾವ ತಟ್ಟೆಯಲ್ಲಿ ಕೂರಬೇಕೆಂದು ಗೊತ್ತಾಗುತ್ತದೆ. ಕೆಲವರು ನನ್ನ ಪಕ್ಕ, ಕೆಲವರು ಗೆಳೆಯರ ಜೊತೆ, ಕೆಲವರು ತಾವೇ. ಬರೆದ ಚಿತ್ರಗಳು ದಾರದ ಚಪ್ಪರದಲ್ಲಿ ತೂಗಾಡುತ್ತವೆ.

ಊರಿನವರು ಕೇಳುತ್ತಾರೆ: "ಮಿಸ್, ಅ ಆ ಇ ಈ ಹೇಳ್ಕೊಡಲ್ವಾ?" ಹೇಳಿಕೊಡುತ್ತೇವೆ, ಆದರೆ ಮೊದಲು ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ದರ, ಅರಸ, ಗರಗಸ ಎಲ್ಲವನ್ನೂ ಮಗು ಓದುತ್ತದೆ. ಐವತ್ತು ಅಕ್ಷರ ಬಾಯಿಪಾಠವಾಗುವ ತನಕ ಕಾಯಬೇಕಿಲ್ಲ.

ಒಂದು ವರ್ಷ ನಮ್ಮ ಒಬ್ಬ ಹುಡುಗಿ ಅಪ್ಪ ಅಮ್ಮನ ಜೊತೆ ಕೊಡಗಿಗೆ ಕಾಫಿ ಕೊಯ್ಲಿಗೆ ಹೋದಳು. ಎರಡು ತಿಂಗಳು ಕಳೆದು ಬಂದವಳು ಬಾಗಿಲಲ್ಲೇ ನಿಂತಿದ್ದಳು. ಕರೆದೆ. ನೇರವಾಗಿ ಏಣಿಯ ಹತ್ತಿರ ಹೋಗಿ ಬೆರಳಿಟ್ಟು, "ಮಿಸ್, ನಂದು ಇಲ್ಲಿತ್ತು" ಅಂದಳು. ಎರಡು ಅಕ್ಷರ ಮರೆತಿದ್ದಳು. ಹಿಂದಿನ ಕಾರ್ಡು ಮತ್ತೆ ಮಾಡಿದೆವು. ಅವಳ ಜಾಗ ಅವಳಿಗಾಗಿ ಕಾದಿತ್ತು. ಆ ರಾತ್ರಿ ನನಗೆ ಅಣ್ಣನ ನೆನಪಾಗಿ ನಿದ್ದೆ ಬರಲಿಲ್ಲ.

ಎಲ್ಲವೂ ಸರಿಯಿದೆ ಎನ್ನುವುದಿಲ್ಲ. ಮೂರು ತರಗತಿಗೆ ನಾನೊಬ್ಬಳೇ. ನಾನು ಮೀಟಿಂಗಿಗೆ ಹೋದ ದಿನ ಕಾರ್ಡು ಬರೀ ರಟ್ಟು. ಮಗು ಎಲ್ಲಿದೆ ಎಂದು ದಿನಾ ನೋಡುವವರಿಲ್ಲದಿದ್ದರೆ ಏಣಿ ಗೋಡೆಯ ಚಿತ್ರವಾಗಿ ಉಳಿಯುತ್ತದೆ.

ಅದಕ್ಕೇ ಎರಡು ಬೇಡಿಕೆ. ಪೋಷಕರೇ, ಮಗುವಿನ ಟಿ.ಸಿ. ಕೇಳುವ ಮೊದಲು ಒಂದು ಬೆಳಿಗ್ಗೆ ತರಗತಿಯಲ್ಲಿ ಬಂದು ಕುಳಿತುಕೊಳ್ಳಿ. ಪ್ರೌಢಶಾಲೆಯ ಗುರುಗಳೇ, ಎಂಟನೇ ತರಗತಿಗೆ ಓದಲು ಬಾರದ ಮಗು ಬಂದರೆ, "ಇಷ್ಟು ದಿನ ಏನು ಕಲಿತೆ?" ಎನ್ನಬೇಡಿ. "ಎಲ್ಲಿ ಬಿಟ್ಟೆ?" ಎಂದು ಕೇಳಿ.

ನಮ್ಮಣ್ಣ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಅವನ ಮೊಮ್ಮಗಳು ಈಗ ನನ್ನ ತರಗತಿಯಲ್ಲಿದ್ದಾಳೆ. ಮೊನ್ನೆ ಅವನಿಗೆ 'ಗರಗಸ' ಓದಿ ತೋರಿಸಿದಳಂತೆ. ಅವಳು ಈ ಗೇಟಿನೊಳಗೆ ಬರುವ ದಿನಕ್ಕೆ ನಾವಿಬ್ಬರೂ ಕಾಯುತ್ತಿದ್ದೇವೆ.