ಸಹಾಯಧನದ ಲೆಕ್ಕ: ಭಾರತ ಮತ್ತು ಬ್ರೆಜಿಲ್



ಬಜೆಟ್ ಮಂಡನೆಯಾದ ಮರುದಿನ ನನ್ನ ಕಚೇರಿಗೆ ಬರುವ ವ್ಯಾಪಾರಸ್ಥರು ಕೇಳುವ ಪ್ರಶ್ನೆ ಒಂದೇ: “ನಾವು ಕಟ್ಟಿದ ತೆರಿಗೆಯನ್ನೆಲ್ಲ ಸರ್ಕಾರ ಪುಕ್ಕಟೆ ಹಂಚುತ್ತಿದೆಯಲ್ಲ?” ನಮ್ಮಂತೆಯೇ ವಿಶಾಲವಾದ, ನಮ್ಮಂತೆಯೇ ಬಡವ-ಬಲ್ಲಿದರ ಅಂತರವಿರುವ ಬ್ರೆಜಿಲ್ ದೇಶದ ಲೆಕ್ಕವನ್ನು ಪಕ್ಕದಲ್ಲಿಟ್ಟು ಇದನ್ನು ಪರಿಶೀಲಿಸೋಣ.

ಮೊದಲಿಗೆ ಲೆಕ್ಕಿಗನ ಒಂದು ಎಚ್ಚರಿಕೆ. 2020-21ರಲ್ಲಿ ನಮ್ಮ ಆಹಾರ ಸಹಾಯಧನದ ಬಜೆಟ್ ಅಂದಾಜು 1.15 ಲಕ್ಷ ಕೋಟಿ ರೂಪಾಯಿ. ಪರಿಷ್ಕೃತ ಅಂದಾಜು 4.22 ಲಕ್ಷ ಕೋಟಿ. ಕೊರೊನಾ ಕಾಲದ ಉಚಿತ ಧಾನ್ಯ ಇದಕ್ಕೆ ಒಂದು ಕಾರಣ ಮಾತ್ರ. ಅದಕ್ಕೆ ಹಿಂದಿನ ವರ್ಷಗಳಲ್ಲಿ ಭಾರತೀಯ ಆಹಾರ ನಿಗಮವು ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಯಿಂದ ಸಾಲ ಪಡೆದು ಖರ್ಚು ನಿಭಾಯಿಸುತ್ತಿತ್ತು. ಬಜೆಟ್ಟಿನ ಹೊರಗಿದ್ದ ಆ ಸಾಲವನ್ನು ತೀರಿಸಲು ಹೊರಟಾಗ ಮೊತ್ತ ಉಬ್ಬಿತು. ನಮ್ಮ ವೃತ್ತಿಯಲ್ಲಿ ಯಾವ ಕಂಪನಿಯಾದರೂ ಹೀಗೆ ಬರೆದಿದ್ದರೆ ನಾವು ಸಹಿ ಹಾಕುವ ಮುನ್ನ ಎರಡು ಸಲ ಯೋಚಿಸುತ್ತಿದ್ದೆವು! ಆದ್ದರಿಂದ ಒಂದೇ ವರ್ಷದ ಅಂಕಿಯನ್ನು ಹಿಡಿದು ಎರಡು ದೇಶಗಳನ್ನು ತೂಗುವುದು ಸಲ್ಲದು.

ಬ್ರೆಜಿಲ್ 2003ರಲ್ಲಿ ಹಲವು ಚದುರಿದ ಯೋಜನೆಗಳನ್ನು ಕೂಡಿಸಿ ‘ಬೋಲ್ಸಾ ಫಮೀಲಿಯಾ’ವನ್ನು ಆರಂಭಿಸಿತು. ನಗದು ಹಣ, ಬಹುಪಾಲು ತಾಯಂದಿರ ಹೆಸರಿಗೆ. ಮಕ್ಕಳು ಶಾಲೆಗೆ ಹೋಗಬೇಕು, ಲಸಿಕೆ ಹಾಕಿಸಬೇಕು ಎಂಬುದು ಷರತ್ತು. ಮೊದಲ ದಶಕದಲ್ಲಿ ಇದರ ವೆಚ್ಚ ದೇಶದ ಒಟ್ಟು ಉತ್ಪನ್ನದ ಶೇ. 0.5ರ ಆಸುಪಾಸು, ಕುಟುಂಬಕ್ಕೆ ತಿಂಗಳಿಗೆ ಕನಿಷ್ಠ 600 ರಿಯಾಲ್ ನೀಡತೊಡಗಿದ 2023ರಲ್ಲಿ ಶೇ. 1.5ರಷ್ಟು.

ನಮ್ಮಲ್ಲಿ 2023-24ರಲ್ಲಿ ಆಹಾರ ಮತ್ತು ರಸಗೊಬ್ಬರದ ಸಹಾಯಧನವೆರಡೇ ಸುಮಾರು 4 ಲಕ್ಷ ಕೋಟಿ ರೂಪಾಯಿ, ಅಂದರೆ ಶೇ. 1.3ರಷ್ಟು. ಮೊತ್ತದಲ್ಲಿ ಹೆಚ್ಚು ಅಂತರವಿಲ್ಲ, ಅಂತರವಿರುವುದು ದಾರಿಯಲ್ಲಿ. ಅಲ್ಲಿ ಹಣ ವ್ಯಕ್ತಿಯನ್ನು ಹುಡುಕಿಕೊಂಡು ಹೋಗುತ್ತದೆ, ಇಲ್ಲಿ ವಸ್ತುವನ್ನು. 45 ಕಿಲೋ ಯೂರಿಯಾ ಚೀಲದ ನಿಗದಿತ ಬೆಲೆ ತೆರಿಗೆ ಬಿಟ್ಟು 242 ರೂಪಾಯಿ. ಹೆಚ್ಚು ಜಮೀನಿದ್ದವನು ಹೆಚ್ಚು ಚೀಲ ಕೊಳ್ಳುತ್ತಾನೆ, ಹೆಚ್ಚು ಸಹಾಯಧನವನ್ನೂ ಪಡೆಯುತ್ತಾನೆ. ಪಡಿತರದ ಮಾತು ಬೇರೆ. ಅದು ಹಸಿದ ಮನೆಗೆ ತಲುಪುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕರ್ನಾಟಕದ ಗೃಹಲಕ್ಷ್ಮಿ, ಮಹಾರಾಷ್ಟ್ರದ ಲಾಡ್ಕಿ ಬಹೀಣ್ ಯೋಜನೆಗಳು ಬ್ರೆಜಿಲ್‌ನ ದಾರಿಗೆ ಸಮೀಪದವು, ಶಾಲೆ-ಲಸಿಕೆಯ ಷರತ್ತನ್ನು ಬಿಟ್ಟರೆ.

ಇನ್ನು ‘ಪುಕ್ಕಟೆ’ಯ ವಿಚಾರ. ಕೇಂದ್ರ ಬಜೆಟ್ಟಿನ ಸ್ವೀಕೃತಿ ಪತ್ರಕ್ಕೆ ಒಂದು ಅನುಬಂಧವಿದೆ; ತೆರಿಗೆ ರಿಯಾಯಿತಿಗಳಿಂದ ಸರ್ಕಾರ ಬಿಟ್ಟುಕೊಟ್ಟ ವರಮಾನದ ಲೆಕ್ಕ ಅದರಲ್ಲಿದೆ. ನಮ್ಮ 80ಸಿ ಉಳಿತಾಯವೂ ಅಲ್ಲಿಯೇ, ನಾವು ದಾನ ಕೊಟ್ಟು ರಸೀದಿ ಪಡೆಯುವ 80ಜಿ ಕೂಡ ಅಲ್ಲಿಯೇ. ಒಂದು ಲಕ್ಷ ದಾನಕ್ಕೆ ಅರ್ಧ ಕಡಿತ ದೊರೆತರೆ, ಶೇ. 30ರ ಹಂತದಲ್ಲಿರುವ ದಾನಿಗೆ 15 ಸಾವಿರ ಉಳಿಯುತ್ತದೆ. ಆ 15 ಸಾವಿರ ಬೊಕ್ಕಸದ್ದು. ಹೆಸರು ಮಾತ್ರ ದಾನಿಯದು.

ಕೊನೆಯದಾಗಿ ವೃದ್ಧರು. ಬ್ರೆಜಿಲ್‌ನ 1988ರ ಸಂವಿಧಾನದ ಪ್ರಕಾರ ಕಡುಬಡ ವೃದ್ಧರಿಗೆ ಒಂದು ಕನಿಷ್ಠ ವೇತನದಷ್ಟು ಮಾಸಾಶನ ಸಲ್ಲಬೇಕು. 2024ರಲ್ಲಿ ಅದು 1,412 ರಿಯಾಲ್, ನಮ್ಮ 20 ಸಾವಿರ ರೂಪಾಯಿಗೂ ಅಧಿಕ. ನಮ್ಮ ಕೇಂದ್ರ ಸರ್ಕಾರವು 60ರಿಂದ 79 ವಯಸ್ಸಿನ ಬಡವರಿಗೆ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. 2007ರಿಂದ ಅಷ್ಟೇ ಇದೆ. ಅಷ್ಟರಲ್ಲಿ ಬೆಲೆಗಳು ಹೆಚ್ಚುಕಡಿಮೆ ಮೂರುಪಟ್ಟಾಗಿವೆ. ರಾಜ್ಯಗಳು ತಮ್ಮ ಪಾಲನ್ನು ಸೇರಿಸುತ್ತವೆ, ನಿಜ. ಬ್ರೆಜಿಲ್‌ನ ತಲಾ ಆದಾಯ ನಮ್ಮದಕ್ಕಿಂತ ಸುಮಾರು ನಾಲ್ಕು ಪಟ್ಟು ಎಂಬುದೂ ನಿಜ. ಆ 200ನ್ನು ನಾಲ್ಕರಿಂದ ಗುಣಿಸಿರಿ, 800 ಆಗುತ್ತದೆ. ಈ ಒಂದು ಸಾಲಿನ ಬಗ್ಗೆ ಇದುವರೆಗೆ ನನ್ನ ಕಚೇರಿಯಲ್ಲಿ ಯಾರೂ ಪ್ರಶ್ನೆ ಕೇಳಿಲ್ಲ.