ವಿಷಾಣುವಿಗೆ ಬಾಗಿಲು ತೆರೆದವರಾರು?

ವಾಚಕರೆ, ಬಸವಕಲ್ಯಾಣದ ಕೋಟೆಯನ್ನು ನೀವು ನೋಡಿರಬಹುದು. ಗೋಡೆ ಎಷ್ಟೇ ದಪ್ಪವಿರಲಿ, ಒಳಗಿನವರ ಹೋಗುಬರುವಿಗೆಂದು ಬಾಗಿಲು ಬಿಡಲೇಬೇಕು. ವೈರಿ ಕಣ್ಣಿಡುವುದೂ ಆ ಬಾಗಿಲ ಮೇಲೆಯೆ. ನಮ್ಮ ಮೈಯ ಒಂದೊಂದು ಜೀವಕೋಶದ ಪಾಡೂ ಇದೇ.

2020ರ ಸೆಪ್ಟೆಂಬರ್ 24ರಂದು ಬಸವಕಲ್ಯಾಣದ ಶಾಸಕರಾಗಿದ್ದ ಬಿ. ನಾರಾಯಣರಾವ್ ಅವರು ಕೊರೋನಾದಿಂದ ತೀರಿಕೊಂಡರು. ತೆರವಾದ ಸ್ಥಾನಕ್ಕೆ 2021ರ ಏಪ್ರಿಲ್ 17ರಂದು ಉಪಚುನಾವಣೆ ನಡೆಯಿತು. ಆ ಕೆಲಸಕ್ಕೆಂದು ಹುಮನಾಬಾದಿನಿಂದ ಹೋದ ಉಪಾಧ್ಯಾಯರಲ್ಲಿ ನಾನೂ ಒಬ್ಬ. ಮರಳಿದ ಆರನೆಯ ದಿನ ಮನೆಯಲ್ಲಿ ಬೆಳ್ಳುಳ್ಳಿಯ ಒಗ್ಗರಣೆ ಚಟಪಟಗುಟ್ಟುತ್ತಿತ್ತು. ವಾಸನೆ ಮಾತ್ರ ಇಲ್ಲ! ನಾನು ಬೇಗನೆ ಚೇತರಿಸಿಕೊಂಡೆ. ಅದೇ ವಾರ ಹಾಸಿಗೆ ಹಿಡಿದ ನಮ್ಮ ಓಣಿಯ ಕಿರಾಣಿ ಅಂಗಡಿಯವರು ಆಸ್ಪತ್ರೆಯಿಂದ ಮರಳಲಿಲ್ಲ.

ವಿಷಾಣುವಿಗೆ ಕಾಲಿಲ್ಲ, ರೆಕ್ಕೆಯಿಲ್ಲ, ಸ್ವಂತದ ಅಡುಗೆಮನೆಯೂ ಇಲ್ಲ. ಜೀವಕೋಶದ ಒಳಹೊಕ್ಕಲ್ಲದೆ ಅದು ಸಂತಾನ ಬೆಳೆಸಲಾರದು. ಕೋಶದ ಹೊರಮೈಯಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳುಂಟು. ಗ್ರಾಹಕನೆಂದರೆ ನಮ್ಮ ಅಂಗಡಿಯವರಿಗೆ ಗಿರಾಕಿ. ಇಲ್ಲಿ ‘ಹಿಡಿಯುವುದು’ ಎಂಬ ಧಾತ್ವರ್ಥವನ್ನೇ ಹಿಡಿಯಬೇಕು. ಕೊರೋನಾ ಬಯಸುವ ಗ್ರಾಹಕ ಏಸ್-2. ರಕ್ತದೊತ್ತಡವನ್ನು ಹದದಲ್ಲಿಡಲು ನೆರವಾಗುವುದು ಇದರ ನಿಜವಾದ ಉದ್ಯೋಗ. ವಿಷಾಣುವಿನ ಮೈಮೇಲಿನ ಮುಳ್ಳು ಇದಕ್ಕೆ ಕೀಲಿಕೈಯಂತೆ ಕೂಡುತ್ತದೆ. ಕೂಡಿದರೆ ಸಾಲದು, ಕೋಶದ್ದೇ ಆದ ಒಂದು ಕಿಣ್ವ ಆ ಮುಳ್ಳನ್ನು ಕತ್ತರಿಸಿಕೊಡುತ್ತದೆ. ಆಗ ಮುಳ್ಳಿನ ರೂಪ ಬದಲಾಗಿ, ವಿಷಾಣುವಿನ ಕೊಬ್ಬಿನ ಹೊದಿಕೆಯೂ ಕೋಶದ ಪೊರೆಯೂ ಬೆಸೆದುಕೊಳ್ಳುತ್ತವೆ. ವಿಷಾಣುವಿನ ಆರ್‌ಎನ್‌ಎ ಒಳಗಿಳಿಯುತ್ತದೆ. ಬಾಗಿಲು ನಮ್ಮದು; ಅಗುಳಿ ತೆಗೆದವನೂ ನಮ್ಮ ಮನೆಯ ಆಳೇ!

ಮೂಗಿನಲ್ಲಿ ವಾಸನೆಯ ನರಗಳಿಗೆ ಆಸರೆಯಾದ ಕೋಶಗಳ ಮೇಲೆ ಏಸ್-2 ಇದೆ. ನನ್ನ ಒಗ್ಗರಣೆಯ ಘಮ ಕಳೆದದ್ದು ಅಲ್ಲಿ. ಶ್ವಾಸಕೋಶದ ಗಾಳಿಗೂಡುಗಳಲ್ಲಿಯೂ ಇದೆ. ಅಂಗಡಿಯವರಿಗೆ ಉಸಿರು ಕಟ್ಟಿದ್ದು ಅಲ್ಲಿ. ಒಬ್ಬರಲ್ಲಿ ಮೇಲೆಯೇ ನಿಂತದ್ದು ಇನ್ನೊಬ್ಬರಲ್ಲಿ ಕೆಳಗೇಕೆ ಇಳಿಯಿತೆಂಬುದನ್ನು ಬಾಗಿಲೊಂದೇ ಹೇಳದು. ವಯಸ್ಸು, ಬೇರೆ ಕಾಯಿಲೆ, ಮೈಯ ಪ್ರತಿರೋಧ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಲಸಿಕೆ ಆ ಮುಳ್ಳಿನ ಗುರುತನ್ನು ಮೈಗೆ ಮುಂಚೆಯೇ ತೋರಿಸಿಡುತ್ತದೆ. ಹುಟ್ಟಿದ ಪ್ರತಿಕಾಯಗಳು ಮುಳ್ಳಿಗೆ ಮುತ್ತಿ, ಕೀಲಿಕೈ ಬೀಗಕ್ಕೆ ತಾಗದಂತೆ ಮಾಡುತ್ತವೆ. ಐವತ್ತು ದಾಟಿದ್ದ ನನಗೆ ಒಂದು ಚುಚ್ಚುಮದ್ದು ಆಗಿತ್ತು. ಆ ಏಪ್ರಿಲಿನಲ್ಲಿ ಜನಸಾಮಾನ್ಯರಿಗೆ ಲಸಿಕೆ ದೊರೆಯುತ್ತಿದ್ದುದು 45 ತುಂಬಿದವರಿಗೆ. 18 ದಾಟಿದವರಿಗೆ ಬಾಗಿಲು ತೆರೆದದ್ದು ಮೇ 1ರಂದು. ಅಂಗಡಿಯವರ ವಯಸ್ಸು 41.